ರಾತ್ರಿ ಶಾಲೆಯ ಅರ್ಜಿ ಪತ್ರಗಳು: ಇಂಗ್ಲಿಷ್ ಎಂ.ಎ. ಸಂಶೋಧನೆಯೊಂದರ ಪ್ರಕರಣ

ಮುಂಬಯಿಯ ಉಪನಗರದ ಕಾಲೇಜೊಂದರಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದ ಕನ್ನಡದ ಹುಡುಗಿಯೊಬ್ಬಳು ಮೂರನೇ ಸೆಮಿಸ್ಟರಿನಲ್ಲಿ ಸಲ್ಲಿಸಿದ ಸಂಶೋಧನಾ ಪ್ರಸ್ತಾವವನ್ನು ವಿಭಾಗದ ಸಮಿತಿ ಹಿಂದಕ್ಕೆ ಕಳಿಸಿತು. ಫೋರ್ಟ್ ಭಾಗದ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ ಹೋಟೆಲ್ ಕಾರ್ಮಿಕರು ಇಂಗ್ಲಿಷನ್ನು ಹೇಗೆ ಕಲಿತರು, ಕಲಿತ ಇಂಗ್ಲಿಷಿನಲ್ಲಿ ತಮ್ಮ ಬದುಕನ್ನು ಹೇಗೆ ಬರೆದುಕೊಂಡರು ಎಂಬುದು ಅವಳ ವಿಷಯ. ಸಮಿತಿಯ ಷರಾ ಚಿಕ್ಕದು: ಇದರಲ್ಲಿ ಸಾಹಿತ್ಯ ಕೃತಿ ಯಾವುದೂ ಇಲ್ಲ, ಆಕರಗಳು ಹೆಚ್ಚಾಗಿ ಕನ್ನಡದಲ್ಲಿವೆ, ವಿಷಯ ಬದಲಿಸುವುದು ಒಳ್ಳೆಯದು.

ಆಕೆಯ ಮಾರ್ಗದರ್ಶಿ ನಾನು. ಆ ಸೆಮಿಸ್ಟರಿನಲ್ಲಿ ಮತ್ತು ಅದರ ಮುಂದಿನದರಲ್ಲಿ ಆ ಪ್ರಸ್ತಾವಕ್ಕೆ ಏನಾಯಿತು ಎಂಬುದನ್ನು ಇಲ್ಲಿ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಮುಂಬಯಿ, ಪುಣೆ, ಗೋವಾಗಳ ಕನ್ನಡ ಮನೆಗಳಿಂದ ಇಂಗ್ಲಿಷ್ ಎಂ.ಎ.ಗೆ ಬರುವ ಮಕ್ಕಳು ಕಡಿಮೆಯಿಲ್ಲ. ಮನೆಯ ಭಾಷೆಯನ್ನು ತರಗತಿಯ ಬಾಗಿಲಲ್ಲೇ ಬಿಟ್ಟು ಒಳಗೆ ಬರಬೇಕು ಎಂದು ಅವರಲ್ಲಿ ಹೆಚ್ಚಿನವರು ನಂಬಿರುತ್ತಾರೆ. ಹಾಗೆ ನಂಬಬೇಕಾದ ಅಗತ್ಯವಿಲ್ಲ ಎಂದು ನನಗೆ ಈ ಪ್ರಕರಣದಿಂದ ಖಚಿತವಾಗಿದೆ. ವಿದ್ಯಾರ್ಥಿನಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಹಿನ್ನೆಲೆ

ಹುಡುಗಿಯ ಊರು ಕುಂದಾಪುರದ ಕಡೆ. ತಂದೆ ಸೆಂಟ್ರಲ್ ರೈಲ್ವೆ ದಾರಿಯ ಒಂದು ಉಪನಗರದಲ್ಲಿ ಸಣ್ಣ ಉಡುಪಿ ಹೋಟೆಲ್ ನಡೆಸುತ್ತಾರೆ. ಮನೆಯಲ್ಲಿ ಕುಂದಾಪುರದ ಕನ್ನಡ, ರಸ್ತೆಯಲ್ಲಿ ಮರಾಠಿ ಮತ್ತು ಹಿಂದಿ, ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ. ಕನ್ನಡ ಅಕ್ಷರಗಳನ್ನು ಅಜ್ಜಿ ಕಲಿಸಿದ್ದರು. ಹೋಟೆಲಿಗೆ ಬರುವ ಕನ್ನಡ ದಿನಪತ್ರಿಕೆಯ ತಲೆಬರಹಗಳನ್ನು ಓದುವಷ್ಟು ಕನ್ನಡ ಇತ್ತು, ಅದಕ್ಕಿಂತ ಹೆಚ್ಚಿಲ್ಲ. ಬಿ.ಎ.ಯಲ್ಲಿ ಇಂಗ್ಲಿಷ್ ತೆಗೆದುಕೊಂಡಾಗ ಮನೆಯವರು ಆಕ್ಷೇಪಿಸಲಿಲ್ಲ. ಎಂ.ಎ. ಎಂದಾಗ ಮಾತ್ರ ತಂದೆ, "ಅದರಿಂದ ಮುಂದೇನು ಮಗಳೇ?" ಎಂದು ಕೇಳಿದರಂತೆ. ನ್ಯಾಯವಾದ ಪ್ರಶ್ನೆ, ಮುಂದೆ ಅದಕ್ಕೂ ಬರುತ್ತೇನೆ.

ಮಹಾರಾಷ್ಟ್ರದಲ್ಲಿ 2023–24ರಿಂದ ಹೊಸ ಶಿಕ್ಷಣ ನೀತಿಯಂತೆ ನಡೆಯುತ್ತಿರುವ ಎರಡು ವರ್ಷದ ಎಂ.ಎ.ಗೆ 88 ಕ್ರೆಡಿಟ್, ಸೆಮಿಸ್ಟರಿಗೆ 22. ಮೊದಲ ಸೆಮಿಸ್ಟರಿನಲ್ಲಿ ಸಂಶೋಧನಾ ವಿಧಾನದ ಪತ್ರಿಕೆ ಕಡ್ಡಾಯ. ಎರಡನೆಯದರಲ್ಲಿ ಕೆಲಸದ ತರಬೇತಿ ಅಥವಾ ಕ್ಷೇತ್ರಕಾರ್ಯ. ಮೂರರಲ್ಲಿ 4 ಕ್ರೆಡಿಟ್‌ನ, ನಾಲ್ಕರಲ್ಲಿ 6 ಕ್ರೆಡಿಟ್‌ನ ಸಂಶೋಧನಾ ಯೋಜನೆ. ಹಿಂದೆ ಎಂ.ಫಿಲ್. ಹಂತದಲ್ಲಿ ಕೇಳುತ್ತಿದ್ದ ಕೆಲಸವನ್ನು ಈಗ ಎಂ.ಎ. ವಿದ್ಯಾರ್ಥಿಯಿಂದಲೇ ಕೇಳುತ್ತೇವೆ. ಆದರೆ ಅದಕ್ಕೆ ಬೇಕಾದ ತಯಾರಿಯನ್ನು ಎಲ್ಲಿಯೂ ಸರಿಯಾಗಿ ಕೊಡುವುದಿಲ್ಲ. ಪರಿಣಾಮವಾಗಿ ಪ್ರತಿ ವರ್ಷ ಅವೇ ವಿಷಯಗಳು ಮೇಜಿಗೆ ಬರುತ್ತವೆ: ಯಾವುದೋ ಪ್ರಸಿದ್ಧ ವಲಸೆ ಕಾದಂಬರಿಯಲ್ಲಿ ಅಸ್ಮಿತೆಯ ಬಿಕ್ಕಟ್ಟು, ಯಾವುದೋ ನಾಟಕದಲ್ಲಿ ಸ್ತ್ರೀ ಸಂವೇದನೆ. ಈ ಹುಡುಗಿ ಮೊದಲು ಯೋಚಿಸಿಕೊಂಡಿದ್ದ ವಿಷಯವೂ ಅದೇ ಜಾತಿಯದು. ಕಾದಂಬರಿಯನ್ನು ಓದಿ ಮುಗಿಸುವ ಮುಂಚೆಯೇ ಅದರ ಬಗ್ಗೆ ಏನು ಹೇಳಬೇಕು ಎಂಬುದು ಅವಳಿಗೆ ಗೊತ್ತಿತ್ತು.

ತಿರುವು ಬಂದದ್ದು ಎರಡನೇ ಸೆಮಿಸ್ಟರಿನ ಕ್ಷೇತ್ರಕಾರ್ಯದಿಂದ. ಕನ್ನಡ ಸಂಘವೊಂದರ ಗ್ರಂಥಾಲಯದಲ್ಲಿ ಹಳೆಯ ಸ್ಮರಣ ಸಂಚಿಕೆಗಳನ್ನು ವಿಂಗಡಿಸಿ ಪಟ್ಟಿ ಮಾಡುವ ಕೆಲಸ ಅವಳಿಗೆ ಸಿಕ್ಕಿತು. ಮುಂಬಯಿಯ ಕನ್ನಡ ಸಂಘಗಳ ಸ್ಮರಣ ಸಂಚಿಕೆ ನೋಡಿದವರಿಗೆ ಅದರ ರೂಪ ಗೊತ್ತಿರುತ್ತದೆ. ಅಧ್ಯಕ್ಷರ ಮಾತು, ಗಣ್ಯರ ಶುಭಾಶಯ, ನಡುವೆ ಕೆಲವು ಲೇಖನ, ಉಳಿದದ್ದೆಲ್ಲ ಹೋಟೆಲುಗಳ ಮತ್ತು ಕೇಟರಿಂಗ್‌ನವರ ಜಾಹೀರಾತು. ಹಾಗೊಂದು ಸಂಚಿಕೆಯ ಕೊನೆಯ ಪುಟಗಳಲ್ಲಿ ರಾತ್ರಿ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರ ನೆನಪಿನ ಬರಹ ಇತ್ತು. ಹನ್ನೆರಡನೇ ವಯಸ್ಸಿನಲ್ಲಿ ಊರು ಬಿಟ್ಟು ಬಂದು ಕಪ್ಪು ಬಸಿ ತೊಳೆದದ್ದು, ಮಾಲೀಕರು ಸಂಜೆ ಏಳಕ್ಕೆ ಬಿಡುಗಡೆ ಕೊಟ್ಟರೆ ಓಡುತ್ತಾ ಶಾಲೆಗೆ ಹೋದದ್ದು, ಬೆಂಚಿನಲ್ಲಿ ಕೂತೊಡನೆ ನಿದ್ದೆ ಬಂದದ್ದು, ಇಂಗ್ಲಿಷ್ ಮೇಷ್ಟ್ರು ಎಬ್ಬಿಸಿ ಅರ್ಜಿ ಬರೆಸಿದ್ದು. ಆ ಬರಹವನ್ನು ಅವಳು ಮೊಬೈಲಿನಲ್ಲಿ ತೆಗೆದುಕೊಂಡು ಬಂದು ನನಗೆ ತೋರಿಸಿ, "ಮೇಡಂ, ನಮ್ಮ ದೊಡ್ಡಪ್ಪನೂ ಇಂಥದೇ ಶಾಲೆಯಲ್ಲಿ ಓದಿದ್ದು. ಇದರ ಬಗ್ಗೆ ಬರೆಯಲು ಬರುತ್ತದೆಯೇ?" ಎಂದು ಕೇಳಿದಳು.

ಬರುತ್ತದೆ ಎಂದೆ. ಒಪ್ಪಿಸುವ ಕಷ್ಟ ಆಮೇಲೆ ತಿಳಿಯಿತು.

ಸಮಿತಿಯ ಆಕ್ಷೇಪ, ನಮ್ಮ ಉತ್ತರ

ಸಮಿತಿಯ ಸದಸ್ಯರನ್ನು ಖಳರಂತೆ ಚಿತ್ರಿಸುವ ಉದ್ದೇಶ ನನಗಿಲ್ಲ. ಬಾಹ್ಯ ಪರೀಕ್ಷಕರು ಕನ್ನಡ ಓದಲಾರರು, ಆಕರವನ್ನು ಪರಿಶೀಲಿಸುವವರು ಯಾರು ಎಂಬ ಅವರ ಪ್ರಶ್ನೆ ಸರಿಯಾದದ್ದೇ. ದಿನನಿತ್ಯದ ಬದುಕನ್ನೂ ಪಠ್ಯದಂತೆ ಓದುವ ಸಂಸ್ಕೃತಿ ಅಧ್ಯಯನದ ಹೆಸರಿನಲ್ಲಿ ಏನು ಬೇಕಾದರೂ ಬರೆಯಬಹುದು ಎಂದುಕೊಂಡು ಸಿದ್ಧಪಡಿಸಿದ ಜಾಳು ಪ್ರಬಂಧಗಳನ್ನು ಅವರೂ ನಾನೂ ಸಾಕಷ್ಟು ನೋಡಿದ್ದೇವೆ. ಆದರೆ "ಇದು ಇಂಗ್ಲಿಷ್ ವಿಷಯವೇ ಅಲ್ಲ" ಎಂಬ ಮಾತನ್ನು ಮಾತ್ರ ಒಪ್ಪುವಂತಿರಲಿಲ್ಲ.

ಮರುಸಲ್ಲಿಕೆಯ ಪ್ರಸ್ತಾವದಲ್ಲಿ ಮೊದಲ ಆಧಾರವಾಗಿ ನೆಟ್ (ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ) ಪರೀಕ್ಷೆಯ ಇಂಗ್ಲಿಷ್ ಪಠ್ಯಕ್ರಮವನ್ನೇ ಇಟ್ಟೆವು. ಅದರ ಹತ್ತು ಘಟಕಗಳಲ್ಲಿ ಆರನೆಯದು ಭಾರತದಲ್ಲಿ ಇಂಗ್ಲಿಷಿನ ಇತಿಹಾಸ, ವಿಕಾಸ ಮತ್ತು ಭವಿಷ್ಯ. ಏಳನೆಯದು ಸಂಸ್ಕೃತಿ ಅಧ್ಯಯನ. ಆರನೇ ಘಟಕವನ್ನು ನಾವು ತರಗತಿಯಲ್ಲಿ ಕಲಿಸುವ ರೀತಿ ಎಲ್ಲರಿಗೂ ಗೊತ್ತು: ಇಂಗ್ಲಿಷ್ ಶಿಕ್ಷಣದ ಪರ ವಾದಿಸಿದ 1835ರ ಮೆಕಾಲೆ ಟಿಪ್ಪಣಿ, 1857ರಲ್ಲಿ ಮುಂಬಯಿ, ಕಲ್ಕತ್ತ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳ ಸ್ಥಾಪನೆ, ಆಮೇಲೆ ನೇರವಾಗಿ ಭಾರತೀಯ ಇಂಗ್ಲಿಷ್ ಲೇಖಕರು. ಇಂಗ್ಲಿಷ್ ಸಾಹಿತ್ಯದ ಬೋಧನೆ ವಸಾಹತು ಆಡಳಿತದ ಸಾಧನವಾಗಿ ರೂಪುಗೊಂಡದ್ದನ್ನು ವಿದ್ವಾಂಸೆ ಗೌರಿ ವಿಶ್ವನಾಥನ್ 1989ರಷ್ಟು ಹಿಂದೆಯೇ ವಿಸ್ತಾರವಾಗಿ ತೋರಿಸಿದ್ದಾರೆ. ಅವರ ನಂತರ ಇಂಗ್ಲಿಷ್ ಅಧ್ಯಾಪಕರು ತಾವೇಕೆ ಈ ಪಾಠ ಮಾಡುತ್ತಿದ್ದೇವೆ ಎಂದು ಗಟ್ಟಿಯಾಗಿ ಕೇಳಿಕೊಳ್ಳತೊಡಗಿದರು. ಆದರೂ ಈ ಇತಿಹಾಸದಲ್ಲಿ ಬರುವವರು ಆಳುವವರು ಮತ್ತು ಕಾಲೇಜು ಸೇರಿದವರು. ತಟ್ಟೆ ತೊಳೆದು ಬಂದು ರಾತ್ರಿ ಹತ್ತರವರೆಗೆ ಇಂಗ್ಲಿಷ್ ವ್ಯಾಕರಣ ಕಲಿತ ಹುಡುಗನಿಗೆ ಅದರಲ್ಲಿ ಒಂದು ಪ್ಯಾರಾ ಕೂಡ ಇಲ್ಲ. ಕರಾವಳಿಯಿಂದ ಬಂದ ಮೊಗವೀರರು, ಬಿಲ್ಲವರು, ಇನ್ನಿತರ ಸಮುದಾಯದವರು ತಮ್ಮ ಮಕ್ಕಳಿಗಾಗಿ ಈ ಮಹಾನಗರದಲ್ಲಿ ರಾತ್ರಿ ಶಾಲೆ ಕಟ್ಟಿದ್ದು ಭಾರತದ ಇಂಗ್ಲಿಷ್ ಶಿಕ್ಷಣದ ಇತಿಹಾಸಕ್ಕೆ ಸೇರದಿದ್ದರೆ ಇನ್ನಾವುದಕ್ಕೆ ಸೇರುತ್ತದೆ?

ಎರಡನೆಯ ಆಧಾರ ಹುಡುಗಿಯೇ ಹುಡುಕಿದ್ದು. ಪ್ರಕರಣದ ಜೀವ ಇರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ. ಸಂಸ್ಕೃತಿ ಅಧ್ಯಯನ ಎಂಬ ಶಿಸ್ತು 1964ರಲ್ಲಿ ಇಂಗ್ಲೆಂಡಿನ ವಿಮರ್ಶಕ ರಿಚರ್ಡ್ ಹೊಗಾರ್ಟ್ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಕೇಂದ್ರ ತೆರೆದಾಗ ಹುಟ್ಟಿತು ಎಂದು ಗೈಡುಗಳಲ್ಲಿ ಓದಿ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಹೊಗಾರ್ಟ್ ಅದಕ್ಕೆ ಮುಂಚೆ ಎಲ್ಲಿದ್ದರು ಎಂದು ಯಾರೂ ಕೇಳುವುದಿಲ್ಲ. ಅವರು ಹಲ್ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದಲ್ಲಿ ವರ್ಷಗಟ್ಟಲೆ ಪಾಠ ಮಾಡಿದವರು. ಈ ಶಿಸ್ತನ್ನು ಕಟ್ಟಿದ ಇನ್ನೊಬ್ಬರು, ರೇಮಂಡ್ ವಿಲಿಯಮ್ಸ್, ಆಕ್ಸ್‌ಫರ್ಡಿನ ಪರವಾಗಿ ಸಸೆಕ್ಸ್ ಕಡೆಯ ಊರುಗಳಲ್ಲಿ ವಯಸ್ಕರಿಗೆ ಸಾಹಿತ್ಯದ ತರಗತಿ ನಡೆಸಿದವರು. ಇತಿಹಾಸಕಾರ ಇ.ಪಿ. ಥಾಂಪ್ಸನ್ ಲೀಡ್ಸ್‌ನಿಂದ ಯಾರ್ಕ್‌ಶೈರಿನ ದುಡಿಯುವ ಜನರಿಗೆ ಇತಿಹಾಸ ಹೇಳಿದವರು. ಹಗಲು ದುಡಿದು ಸಂಜೆ ಪುಸ್ತಕ ಹಿಡಿದು ಕೂತವರ ಎದುರು ನಿಂತಾಗ, ಇವರ ಬದುಕೂ ಓದಬೇಕಾದ ಪಠ್ಯ ಎಂದು ಈ ಮೇಷ್ಟ್ರುಗಳಿಗೆ ಹೊಳೆದದ್ದರಿಂದ ಈ ಶಿಸ್ತು ಬೆಳೆಯಿತು. ಬರ್ಮಿಂಗ್‌ಹ್ಯಾಮಿನ ಆ ಕೇಂದ್ರ ತೆರೆದ ಕಾಲದಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ನಮ್ಮ ಯು.ಆರ್. ಅನಂತಮೂರ್ತಿಯವರು ಸಂಶೋಧನೆ ಮಾಡುತ್ತಿದ್ದರು. 1966ರಲ್ಲಿ ಅವರಿಗೆ ಡಾಕ್ಟರೇಟ್ ಬಂತು. ಇಂಗ್ಲಿಷ್ ಕಲಿಸುತ್ತಾ ಕನ್ನಡದಲ್ಲಿ ಬರೆದವರ ಸಾಲು ನಮ್ಮಲ್ಲಿ ದೊಡ್ಡದು. ವಿ.ಕೃ. ಗೋಕಾಕರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದು, ಮುಂದೆ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದವರು. ಆ ಎರಡು ಭಾಷೆಗಳ ನಡುವಿನ ದಾರಿ ನಮ್ಮ ಹಿರಿಯರಿಗೆ ತೆರೆದೇ ಇತ್ತು. ಈಗಿನ ಮಕ್ಕಳಿಗೆ ಅದನ್ನು ಮುಚ್ಚಿದವರು ಯಾರು ಎಂದು ಯೋಚಿಸಿದಾಗ ನನಗೆ ಸಂಕಟವಾಗುತ್ತದೆ.

ಸಭೆಯಲ್ಲಿ ಅವಳು ಈ ವಾದವನ್ನು ಮಂಡಿಸಿದಾಗ ನಮ್ಮ ಪರವಾಗಿ ಮೊದಲು ಮಾತಾಡಿದವರು ಒಬ್ಬ ಹಿರಿಯ ಮರಾಠಿ ಸಹೋದ್ಯೋಗಿ. ಜೋತಿರಾವ್ ಫುಲೆ ಪುಣೆಯಲ್ಲಿ 1855ರಲ್ಲೇ ದುಡಿಯುವವರಿಗಾಗಿ ರಾತ್ರಿ ಶಾಲೆ ತೆರೆದದ್ದನ್ನು ಅವರು ನೆನಪಿಸಿದರು. "ಅಂದರೆ ನಮ್ಮ ವಿಶ್ವವಿದ್ಯಾಲಯಕ್ಕಿಂತ ಎರಡು ವರ್ಷ ಹಿರಿಯದು. ಆ ಪರಂಪರೆಯ ಕನ್ನಡ ಕವಲನ್ನು ಈ ಹುಡುಗಿ ಹುಡುಕುತ್ತಿದ್ದಾಳೆ, ಬಿಡಿ" ಎಂದರು. ಸಮಿತಿ ಎರಡು ಷರತ್ತು ಹಾಕಿ ಒಪ್ಪಿತು. ಉದ್ಧರಿಸಿದ ಪ್ರತಿ ಕನ್ನಡ ಭಾಗಕ್ಕೂ ಇಂಗ್ಲಿಷ್ ಅನುವಾದ ಇರಬೇಕು, ಮೂಲದ ಪ್ರತಿ ಅನುಬಂಧದಲ್ಲಿರಬೇಕು. ಅನುವಾದವನ್ನು ಕನ್ನಡ ಬಲ್ಲ ಇನ್ನೊಬ್ಬರು ನೋಡಿ ಸಹಿ ಮಾಡಬೇಕು.

ಕೆಲಸ

ಇಲ್ಲಿಂದ ಮುಂದಿನದು ಬೆವರಿನ ಕತೆ. ಅವಳ ಕನ್ನಡ ಓದು ನಿಧಾನ. ಹಳೆಯ ಅಚ್ಚಿನ ಒತ್ತಕ್ಷರಗಳಲ್ಲಿ ತಡವರಿಸುತ್ತಿದ್ದಳು. ಭೇಟಿಯಾದ ಹಿರಿಯರಲ್ಲಿ ಕೆಲವರು ಮಾತಿನ ಬಿಸಿ ಏರಿದೊಡನೆ ತುಳುವಿಗೆ ಜಾರುತ್ತಿದ್ದರು. ಅದನ್ನು ಬರೆದಿಳಿಸಲು ಗೆಳತಿಯೊಬ್ಬಳ ನೆರವು ಬೇಕಾಯಿತು. 4 ಕ್ರೆಡಿಟ್‌ನ ಕೆಲಸವೆಂದು ಕಾಗದದ ಮೇಲೆ ಇದ್ದರೂ ಅದರ ಎರಡರಷ್ಟು ಹೊತ್ತು ಹಿಡಿಯಿತು. ಇಂಥ ವಿಷಯ ಆರಿಸಿಕೊಳ್ಳುವ ವಿದ್ಯಾರ್ಥಿಗಳು ಇದನ್ನು ಮೊದಲೇ ತಿಳಿದಿರಬೇಕು.

ಮೊದಲ ಕರಡು ನಿರಾಶೆ ತಂದಿತು. ಮೊದಲ ಪುಟಗಳಲ್ಲೆಲ್ಲ ಬೂರ್ದಿಯು, ಹೋಮಿ ಭಾಭಾ, ಸ್ಪಿವಾಕ್ ಎಂಬ ಸಿದ್ಧಾಂತಕಾರರು ಸಾಲಾಗಿ ನಿಂತಿದ್ದರು. ರಾತ್ರಿ ಶಾಲೆಯ ಹುಡುಗ ಅವರ ಹಿಂದೆ ಎಲ್ಲೋ ಮರೆಯಾಗಿದ್ದ. ಸಿದ್ಧಾಂತವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಎಂ.ಎ. ತರಗತಿಗಳಲ್ಲಿ ಅದು ಪರೀಕ್ಷಕರಿಗೆ ತೋರಿಸುವ ಗುರುತಿನ ಚೀಟಿಯಾಗಿಬಿಟ್ಟಿದೆ. ಒಂದು ಆಕರವನ್ನು ಮೊದಲು ಪೂರ್ತಿ ವಿವರಿಸು, ಅದು ಏಳಿಸುವ ಪ್ರಶ್ನೆಯನ್ನು ನಿನ್ನ ಮಾತಿನಲ್ಲೇ ಬರೆ, ಆಮೇಲೆ ಯಾರ ನೆರವು ಬೇಕೋ ಅವರನ್ನು ಕರೆ ಎಂದು ಹೇಳಿ ಕರಡನ್ನು ವಾಪಸು ಕೊಟ್ಟೆ.

ಆಗ ಅವಳು ಒಂದು ನೋಟ್‌ಪುಸ್ತಕದ ಮೇಲೆ ಗಮನವಿಟ್ಟಳು. ಹಿರಿಯರೊಬ್ಬರು ಟ್ರಂಕಿನಲ್ಲಿ ಕಾಪಿಟ್ಟಿದ್ದ, ಎಸ್.ಎಸ್.ಸಿ. (ಶಾಲೆಯ ಕೊನೆಯ ಪರೀಕ್ಷೆ) ವರ್ಷದ ಇಂಗ್ಲಿಷ್ ನೋಟ್‌ಪುಸ್ತಕ. ನಾನೂ ಅದನ್ನು ನೋಡಿದೆ. ಕೆಂಪು ಬಟ್ಟೆಯ ಬೆನ್ನುಪಟ್ಟಿ, ಒಳಗೆ ನೀಲಿ ಶಾಯಿಯಲ್ಲಿ ಕೂಡಿಸಿ ಬರೆದ ಅಕ್ಷರ, ಕಷ್ಟದ ಇಂಗ್ಲಿಷ್ ಪದಗಳ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಅವುಗಳ ಉಚ್ಚಾರ ಕನ್ನಡ ಲಿಪಿಯಲ್ಲಿ. ಪದ್ಯ, ಪಾಠಗಳ ಪ್ರಶ್ನೋತ್ತರ ಕೆಲವೇ ಪುಟ. ಉಳಿದದ್ದರಲ್ಲಿ ಹೆಚ್ಚಿನದು ಒಂದೇ ಅಭ್ಯಾಸ: ಕಾರಕೂನನ ಹುದ್ದೆಗೆ ಅರ್ಜಿ. ಅದೇ ಅರ್ಜಿ ಮತ್ತೆ ಮತ್ತೆ, ಪ್ರತಿ ಸಲವೂ ಮೇಷ್ಟ್ರ ಕೆಂಪು ಶಾಯಿಯ ತಿದ್ದುಪಡಿಯೊಂದಿಗೆ. ಹೆಸರು, ವಯಸ್ಸು, ಊರು, ತಾಲ್ಲೂಕು, ಪರೀಕ್ಷೆಗೆ ಕೂರಲಿರುವ ವರ್ಷ, ವಿಧೇಯತೆಯ ಕೊನೆಯ ಸಾಲು. ಪಠ್ಯಪುಸ್ತಕದ ಕವಿತೆಗಿಂತ ಈ ಒಂದು ಪುಟ ತನ್ನ ಹುಡುಗರನ್ನು ಹೋಟೆಲಿನಿಂದ ಹೊರಗೆ ತರುತ್ತದೆ ಎಂದು ಆ ಮೇಷ್ಟ್ರಿಗೆ ಗೊತ್ತಿತ್ತು. ಆ ಮೇಷ್ಟ್ರ ಬಗ್ಗೆ ನನಗೆ ಅಪಾರ ಗೌರವ ಹುಟ್ಟಿತು.

ಹುಡುಗಿ ಗಮನಿಸಿದ್ದು ಇನ್ನೂ ಸೂಕ್ಷ್ಮ. ಯಾವ ಅರ್ಜಿಯಲ್ಲಿಯೂ ಹೋಟೆಲಿನ ಪ್ರಸ್ತಾಪವಿಲ್ಲ. ಊರು ಬಿಟ್ಟ ವರ್ಷದಿಂದ ಪರೀಕ್ಷೆಯ ವರ್ಷದವರೆಗೆ ಆ ಹುಡುಗ ಎಲ್ಲಿದ್ದ, ಏನು ಮಾಡುತ್ತಿದ್ದ ಎಂಬುದು ಪೂರ್ತಿ ಖಾಲಿ. ಅವರ ವಾರಗೆಯವರೇ ನಿವೃತ್ತಿಯ ನಂತರ ಕನ್ನಡ ಸ್ಮರಣ ಸಂಚಿಕೆಗಳಿಗೆ ಬರೆದ ನೆನಪುಗಳಲ್ಲಿ ಹೋಟೆಲ್ ಬಿಟ್ಟರೆ ಬೇರೆ ಮಾತೇ ಇಲ್ಲ: ಯಾವ ಗಲ್ಲಿ, ಯಾವ ಮಾಲೀಕರು, ಎಷ್ಟು ಹೊತ್ತಿಗೆ ಒಲೆ ಹಚ್ಚುತ್ತಿದ್ದದ್ದು, ಅಟ್ಟದ ಮೇಲೆ ಯಾರ ಪಕ್ಕ ಮಲಗುತ್ತಿದ್ದದ್ದು. ಇಂಗ್ಲಿಷಿನಲ್ಲಿ ಅಳಿಸಿದ ವರ್ಷಗಳನ್ನೇ ಮುಪ್ಪಿನಲ್ಲಿ ಕನ್ನಡದಲ್ಲಿ ಗೌರವದಿಂದ ಬರೆದಿದ್ದಾರೆ. ಒಂದು ಕೆಲಸ ಹಿಡಿಯುವ ಬರಹ, ಇನ್ನೊಂದು ಕೆಲಸ ಮುಗಿಸಿದವರ ಬರಹ. ಎರಡಕ್ಕೂ ಓದುಗರು ಬೇರೆ, ನಾಚಿಕೆ ಮತ್ತು ಹೆಮ್ಮೆಯ ಲೆಕ್ಕ ಬೇರೆ. ಈ ಎರಡನ್ನೂ ಎದುರುಬದುರು ಇಟ್ಟು ಓದುವುದೇ ಅವಳ ಪ್ರಬಂಧದ ತಿರುಳಾಯಿತು. ಕವಿತೆ, ಕಾದಂಬರಿಯನ್ನು ಓದುವಾಗ ಕಲಿತ, ಪದಪದವನ್ನೂ ಗಮನಿಸುವ ನಿಕಟ ಓದನ್ನೇ ಅವಳು ಅರ್ಜಿ ಪತ್ರದ ಮೇಲೆ ಪ್ರಯೋಗಿಸಿದ್ದಳು. ಇದು ಇಂಗ್ಲಿಷ್ ವಿಭಾಗದ ಕೆಲಸವೇ ಎಂದು ಇದನ್ನು ಓದಿದ ಮೇಲೆ ಯಾರೂ ಅನುಮಾನಪಡಲಿಲ್ಲ.

ಎಡವಬಹುದಾದ ಇನ್ನೊಂದು ಜಾಗ ಸಮುದಾಯದ ಪ್ರೀತಿ. ಸಂಘದ ಹಿರಿಯರೊಬ್ಬರು, "ನಮ್ಮವರ ಸಾಧನೆ ಚೆನ್ನಾಗಿ ಬರೆಯಮ್ಮ, ಮುಂದಿನ ಸಂಚಿಕೆಯಲ್ಲಿ ಹಾಕೋಣ" ಎಂದು ಅವಳ ಬೆನ್ನು ತಟ್ಟಿದ್ದರು. ಎರಡನೇ ಕರಡಿನಲ್ಲಿ ಆ ಧಾಟಿ ಅಲ್ಲಲ್ಲಿ ಇಣುಕಿತು. ಆಗ ಅವಳೇ ಒಂದು ಪ್ರಶ್ನೆ ಎತ್ತಿದಳು: ಈ ಬರಹಗಳಲ್ಲಿ ಹೆಂಗಸರು ಎಲ್ಲಿ? ಹಿರಿಯರನ್ನು ಕೇಳಿದರೆ ಸಿಕ್ಕ ಉತ್ತರ ಒಂದೇ, "ಅವರೆಲ್ಲ ಊರಿನಲ್ಲಿ." ರಾತ್ರಿ ಶಾಲೆ ಕೊಟ್ಟ ಇಂಗ್ಲಿಷ್ ಅಣ್ಣನಿಗೆ ಬಂತು, ಊರಿನಲ್ಲಿ ಗದ್ದೆ ನೋಡಿಕೊಂಡ ತಂಗಿಗೆ ಬರಲಿಲ್ಲ. ಈ ಭಾಗ ಪ್ರಬಂಧದಲ್ಲಿ ಚಿಕ್ಕದು, ಆಕರ ಸಿಗಲಿಲ್ಲ. ನನ್ನ ಮಟ್ಟಿಗೆ ಮುಂದಿನ ಪಿಎಚ್.ಡಿ.ಗೆ ಅದೇ ಬೀಜ.

ಒಪ್ಪಿಗೆ ಹಿಂತೆಗೆದ ಹಿರಿಯರು

ನಾಲ್ಕನೇ ಸೆಮಿಸ್ಟರಿನ ನಡುವೆ ದೊಡ್ಡ ಪೆಟ್ಟು ಬಿತ್ತು. ನೋಟ್‌ಪುಸ್ತಕದ ಹಿರಿಯರಿಗೆ ಕರಡನ್ನು ಕನ್ನಡದಲ್ಲಿ ಓದಿ ಹೇಳಬೇಕೆಂದು ನಾವು ಮೊದಲೇ ನಿರ್ಧರಿಸಿದ್ದೆವು. ಕೇಳಿದ ಮೇಲೆ ಅವರು ಬಹಳ ಹೊತ್ತು ಸುಮ್ಮನಿದ್ದು, "ನನ್ನ ಹೆಸರು ಬೇಡ ಮಗಳೇ. ಪುಸ್ತಕದ ಫೋಟೋವೂ ಬೇಡ. ಸೊಸೆಯ ತವರಿನವರಿಗೆ ನಾನು ಬ್ಯಾಂಕಿನವನು ಎಂದಷ್ಟೇ ಗೊತ್ತು" ಎಂದರಂತೆ. ಬರವಣಿಗೆಯಲ್ಲಿ ಕೊಟ್ಟ ಒಪ್ಪಿಗೆ ನಮ್ಮ ಬಳಿ ಇತ್ತು. ಅದನ್ನು ಮುಂದೆ ಹಿಡಿದು ಪಟ್ಟು ಹಿಡಿಯಬಹುದು ಎಂದು ಸಲಹೆ ಕೊಟ್ಟವರೂ ಇದ್ದರು. ಅವಳು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಒಪ್ಪಿಗೆ ಕೊಟ್ಟವರಿಗೆ ಅದನ್ನು ಹಿಂತೆಗೆದುಕೊಳ್ಳುವ ಹಕ್ಕು ಇರುತ್ತದೆ. ಅರ್ಜಿಗಳ ರಾಚನಿಕ ವಿವರ ಬಳಸಲು ಮಾತ್ರ ಅವರಿಂದ ಅನುಮತಿ ಪಡೆದು, ಹೆಸರು, ಊರು, ವರ್ಷ, ಚಿತ್ರ ಎಲ್ಲವನ್ನೂ ತೆಗೆದಳು. ಇಲ್ಲಿ ನಾನು ಬರೆದಿರುವುದೂ ಆ ಅನುಮತಿಯ ಮಿತಿಯೊಳಗೆ.

ಅರ್ಜಿಯಲ್ಲಿ ಹೋಟೆಲನ್ನು ಅಳಿಸಿದ ಕೈ ಇಷ್ಟು ವರ್ಷಗಳ ನಂತರವೂ ಅದನ್ನೇ ಮಾಡುತ್ತಿದೆ ಎಂದು ಒಂದು ಸಾಲು ಸೇರಿಸಲು ಅವಳಿಗೆ ಆಸೆಯಾಯಿತು. ಆ ಸಾಲು ಅವರನ್ನೇ ಬೆರಳಿಟ್ಟು ತೋರಿಸಿದಂತಾಗುತ್ತದೆ ಎಂದು ಅವಳೇ ಅದನ್ನು ಹೊಡೆದು ಹಾಕಿದಳು. ಎರಡು ವರ್ಷದ ಎಂ.ಎ.ಯಲ್ಲಿ ಅವಳು ಕಲಿತದ್ದರಲ್ಲಿ ನಾನು ಅತಿ ಎತ್ತರದಲ್ಲಿಡುವುದು ಇದನ್ನೇ.

ಫಲಿತಾಂಶ

ಮೌಖಿಕ ಪರೀಕ್ಷೆಯಲ್ಲಿ ಬಾಹ್ಯ ಪರೀಕ್ಷಕರು ಮುಖ್ಯ ಆಕರದ ನಕಲು ಅನುಬಂಧದಲ್ಲಿ ಏಕಿಲ್ಲ ಎಂದು ಕೇಳಿದರು. ಕಾರಣ ಹೇಳಿದಾಗ ತಲೆದೂಗಿದರು, ಆದರೆ ಅಂಕ ಸ್ವಲ್ಪ ಕಳೆದರು. ಆಕರ ಪರಿಶೀಲನೆಗೆ ಸಿಗದಿದ್ದರೆ ಪ್ರಬಂಧದ ತೂಕ ತಗ್ಗುತ್ತದೆ ಎಂಬುದು ಅವರ ನಿಲುವು. ಅದನ್ನು ನಾನು ತಪ್ಪು ಎನ್ನಲಾರೆ. ಒಳ್ಳೆಯ ದರ್ಜೆ ಬಂತು, ಅತ್ಯುತ್ತಮ ಬರಲಿಲ್ಲ. ಸ್ಮರಣ ಸಂಚಿಕೆಗಳ ಭಾಗದ ಅನುವಾದವನ್ನು ಅವರು ವಿಶೇಷವಾಗಿ ಮೆಚ್ಚಿದರು. ಸಂಸ್ಕೃತಿ ಅಧ್ಯಯನ ಮತ್ತು ಅನುವಾದ ಒಂದೇ ಮೇಜಿನ ಮೇಲೆ ಇರುವುದು ಹೊಸತೇನಲ್ಲ. ಬೆಂಗಳೂರಿನಲ್ಲಿ ಶುರುವಾದ ಸಂಸ್ಕೃತಿ ಮತ್ತು ಸಮಾಜ ಅಧ್ಯಯನ ಕೇಂದ್ರದ ಸ್ಥಾಪಕರಲ್ಲಿ ಒಬ್ಬರಾದ ತೇಜಸ್ವಿನಿ ನಿರಂಜನ ಅವರೇ ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳನ್ನು ಇಂಗ್ಲಿಷಿಗೆ ತಂದವರು; ಆ ಸಂಕಲನಕ್ಕೆ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ 2018ರ ಡಿ.ಎಸ್.ಸಿ. ಪ್ರಶಸ್ತಿ ಬಂತು.

ತಂದೆಯ ಪ್ರಶ್ನೆಗೆ ಉತ್ತರ ಇನ್ನೂ ಅರ್ಧ ದಾರಿಯಲ್ಲಿದೆ. ಪದವಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಎಂ.ಎ.ಯಲ್ಲಿ 55 ಶೇಕಡಾ (ಮೀಸಲು ವರ್ಗಗಳಿಗೆ 50) ಅಂಕದ ಜೊತೆಗೆ ನೆಟ್ ಅಥವಾ ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಾದ ಸೆಟ್ ಬೇಕು. ಮಹಾರಾಷ್ಟ್ರ ಮತ್ತು ಗೋವಾಕ್ಕೆ ಸೆಟ್ ಪರೀಕ್ಷೆ ನಡೆಸುವುದು ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯ. 2024ರಿಂದ ನೆಟ್ ಅಂಕವನ್ನು ಪಿಎಚ್.ಡಿ. ಪ್ರವೇಶಕ್ಕೂ ಬಳಸಬಹುದು. ಮೊದಲ ಪ್ರಯತ್ನದಲ್ಲಿ ಅವಳಿಗೆ ನೆಟ್ ಆಗಲಿಲ್ಲ. ಹತ್ತು ಘಟಕಗಳಲ್ಲಿ ಅವಳ ಸಂಶೋಧನೆ ಎರಡಕ್ಕೆ ಆಸರೆ, ಉಳಿದ ಎಂಟಕ್ಕೆ ಇಂಗ್ಲಿಷಿನ ಹಳೆಯ ಕವಿ ಚಾಸರ್‌ನಿಂದ ಹಿಡಿದು ಎಲ್ಲವನ್ನೂ ಕೂತು ಓದಲೇಬೇಕು. ಇಂಥ ವಿಷಯ ಹಿಡಿದವರು ಆ ಓದನ್ನು ಬದಿಗಿಟ್ಟರೆ ಕೆಡುತ್ತಾರೆ. ಈಗ ತಾಸಿನ ಲೆಕ್ಕದಲ್ಲಿ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾ ಸೆಟ್‌ಗೆ ಓದುತ್ತಿದ್ದಾಳೆ. ಮುಂದೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದ ಸಂಸ್ಕೃತಿ ಅಧ್ಯಯನ ವಿಭಾಗದಲ್ಲಿ ಪಿಎಚ್.ಡಿ.ಗೆ ಪ್ರಯತ್ನಿಸುವ ಮನಸ್ಸಿದೆ. ಊರಿನಲ್ಲಿ ಉಳಿದ ಹೆಂಗಸರು ಮುಂಬಯಿಗೆ ಬರೆಸಿದ ಕಾಗದಗಳನ್ನು ಹುಡುಕಲು ಈಗಾಗಲೇ ರಜೆಯಲ್ಲಿ ಕುಂದಾಪುರದ ಮನೆಗಳ ಅಟ್ಟ ಹತ್ತುತ್ತಿದ್ದಾಳೆ.

ವಿಭಾಗದಲ್ಲಿಯೂ ಒಂದು ಬದಲಾವಣೆ ಆಗಿದೆ. ಯಾವುದೇ ಭಾರತೀಯ ಭಾಷೆಯ ಆಕರವನ್ನು ಅನುವಾದ ಮತ್ತು ಪರಿಶೀಲಕರ ಸಹಿಯೊಂದಿಗೆ ಬಳಸಬಹುದು ಎಂಬ ಸಾಲು ಯೋಜನೆಯ ನಿಯಮಗಳಲ್ಲಿ ಸೇರಿತು. ಈ ವರ್ಷ ಗುಜರಾತಿ ನಾಟಕದ ಕರಪತ್ರಗಳ ಮೇಲೆ ಒಂದು, ಭೋಜಪುರಿ ಹಾಡಿನ ಮೊಬೈಲ್ ಅಂಗಡಿಗಳ ಮೇಲೆ ಇನ್ನೊಂದು ಪ್ರಸ್ತಾವ ಬಂದಿವೆ. ಅನುಬಂಧದ ಅನುವಾದವನ್ನು ಪದಮಿತಿಯಲ್ಲಿ ಸೇರಿಸಬೇಕೇ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಸೇರಿಸಬಾರದು, ಅದಕ್ಕೆ ಪ್ರತ್ಯೇಕ ಅಂಕ ಕೊಡಬೇಕು ಎಂದು ನಾನು ಮುಂದಿನ ಸಭೆಗೆ ಟಿಪ್ಪಣಿ ಕೊಟ್ಟಿದ್ದೇನೆ.